ಕೀಲಿ ತುಂಬಿದೆ

ನಮ್ಮ ಭಾವನಿಗೆ ಬೀದಿಯ ಜನ ಇಟ್ಟ ಹೆಸರು 'ಒಂದ್ನಿಮಿಷ'. ಕೈಗಡಿಯಾರ ರಿಪೇರಿ ಮಾಡುವವರಿಗೆ ಎಂಥ ಒಪ್ಪುವ ಹೆಸರು ಎಂದು ಯಾರಾದರೂ ಅಂದುಕೊಂಡರೆ, ಅವರು ಭಾವನ ಅಂಗಡಿಗೆ ಒಮ್ಮೆಯೂ ಹೋದವರಲ್ಲ. ಯಾರು ಏನು ಕೇಳಿದರೂ ಭಾವ ತಲೆ ಎತ್ತದೆ "ಒಂದ್ನಿಮಿಷ" ಎನ್ನುತ್ತಾರೆ. ಆ ನಿಮಿಷ ಮುಗಿಯುವುದು ಮುಂದಿನ ವಾರ. ಊಟಕ್ಕೆ ಕರೆದರೂ ಒಂದ್ನಿಮಿಷ, ನೆಂಟರು ಬಾಗಿಲಲ್ಲಿ ನಿಂತರೂ ಒಂದ್ನಿಮಿಷ. ಊರಿಗೆಲ್ಲ ಸರಿಯಾದ ಟೈಮು ಹಂಚುವ ಮನುಷ್ಯ ತಾನು ಮಾತ್ರ ಟೈಮಿಗೆ ಸರಿಯಾಗಿ ಎಲ್ಲಿಗೂ ಹೋದವರಲ್ಲ. ತಮ್ಮ ಮದುವೆಗೇ ತಡವಾಗಿ ಬಂದರು. ದಾರಿಯಲ್ಲಿ ಯಾರದೋ ಗಡಿಯಾರ ನಿಂತಿತ್ತಂತೆ!

ಅಂಥವರನ್ನು ರೇಗಿಸದೆ ಬಿಡುವುದು ಹೇಗೆ? ಅವರ ಹೆಂಡತಿ ನನ್ನ ಅಕ್ಕ. ನಾನು ಅದೇ ಮನೆಯ ಮಹಡಿಯ ಮೇಲಿದ್ದೇನೆ. ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ, ಅಂಚು ಹೊಲಿದು ಜೀವನ. ನಾನು ಕೈಗೆ ಗಡಿಯಾರ ಕಟ್ಟುವವಳಲ್ಲ. ಹೊಟ್ಟೆ ಹಸಿದರೆ ಮಧ್ಯಾಹ್ನ, ಕಣ್ಣು ಎಳೆದರೆ ರಾತ್ರಿ. ಇದನ್ನು ಭಾವನ ಎದುರು ಹೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ, ಅದಕ್ಕೇ ಆಗಾಗ ಹೇಳುತ್ತೇನೆ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ಒಂದು ಅಗಲ ಕಿಟಕಿ, ಕಿಟಕಿಗೆ ಒತ್ತಿ ಎದೆಮಟ್ಟದ ಮೇಜು, ಗಿರಾಕಿಗೆಂದು ಒಂದು ಸ್ಟೂಲು. ಮೇಜಿನ ಅಂಚಿಗೆ ಒಂದು ಬಿಳಿ ಬಟ್ಟೆ ಮೊಳೆ ಹೊಡೆದು ಕೂರಿಸಿದೆ. ಭಾವ ಕೂತ ಮೇಲೆ ಅದರ ಇನ್ನೊಂದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ, ಕೈ ಜಾರಿದ ಸ್ಕ್ರೂ ನೆಲಕ್ಕೆ ಬೀಳದೆ ತೊಡೆಯ ಮೇಲೆ ಬೀಳಲಿ ಎಂದು. ಆದರೂ ಕೆಲವು ತಪ್ಪಿಸಿಕೊಂಡು ಹೋಗುತ್ತವೆ. ಆಗ ಒಳಗಿನಿಂದ "ಯಾರೂ ಅಲ್ಲಾಡ್ಬೇಡಿ!" ಎಂದು ಕೂಗು ಬರುತ್ತದೆ. ನಾನು ಮೆಟ್ಟಿಲಲ್ಲಿದ್ದರೆ ಮೆಟ್ಟಿಲಲ್ಲೇ, ಅಕ್ಕ ಒಲೆಯ ಮುಂದಿದ್ದರೆ ಒಲೆಯ ಮುಂದೆಯೇ, ಉಸಿರು ಬಿಗಿಹಿಡಿದು ನಿಲ್ಲಬೇಕು. ಭಾವ ಕೈ ಮಂಡಿ ಊರಿ ನೆಲವನ್ನು ಅಂಗುಲ ಅಂಗುಲವಾಗಿ ಹುಡುಕುತ್ತಾರೆ. ಹಾಲು ಉಕ್ಕಿ ಹೋದರೂ ಕೇಳುವವರಿಲ್ಲ. ಸಾಸಿವೆಯ ಕಾಲುಭಾಗದಷ್ಟಿರುವ ಆ ಸ್ಕ್ರೂ ಕೊನೆಗೆ ಅವರ ಅಂಗಿಯ ತೋಳಿನಲ್ಲೇ ಸಿಗುತ್ತದೆ. ಆಮೇಲೆ ಅವರು ನಮ್ಮ ಮುಖ ನೋಡುವುದಿಲ್ಲ.

ಭಾವನೂ ಅಕ್ಕನೂ ಒಂದೇ ಗಡಿಯಾರದ ಕಾರ್ಖಾನೆಯಲ್ಲಿದ್ದವರು. ಅಕ್ಕನದು ಕೊನೆಯ ತಪಾಸಣೆಯ ವಿಭಾಗ. ಪೂರ್ತಿ ತಯಾರಾದ ಗಡಿಯಾರಗಳು ತಟ್ಟೆಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ಉದ್ದನೆಯ ಮೇಜಿನ ಎರಡೂ ಕಡೆ ಹೆಂಗಸರು ಕೂತು, ಪ್ರತಿಯೊಂದನ್ನೂ ಎತ್ತಿ, ಪಕ್ಕದ ಗುಂಡಿ ತಿರುಗಿಸಿ, ಕೀಲಿ ಕೊಟ್ಟು ನೋಡಬೇಕು. ಸುತ್ತುತ್ತಾ ಸುತ್ತುತ್ತಾ ಗುಂಡಿ ಒಂದು ಕಡೆ ಗಟ್ಟಿಯಾಗಿ ನಿಂತರೆ ಕೀಲಿ ತುಂಬಿತು, ಗಡಿಯಾರ ಪಾಸು. ಎಷ್ಟು ಸುತ್ತಿದರೂ ಗಟ್ಟಿಯಾಗದೆ ಜಾರುತ್ತಲೇ ಇದ್ದರೆ ಒಳಗೆ ಸ್ಪ್ರಿಂಗು ಸರಿಯಾಗಿ ಕೂತಿಲ್ಲ ಎಂದರ್ಥ. ಅಂಥದ್ದಕ್ಕೆ ಪಟ್ಟಿ ಸಿಕ್ಕಿಸುವ ಕಡ್ಡಿಯಲ್ಲಿ ಒಂದು ತುಂಡು ಕೆಂಪು ದಾರ ಕಟ್ಟಿ ರಿಪೇರಿ ವಿಭಾಗಕ್ಕೆ ಕಳಿಸುತ್ತಿದ್ದರು. ಅಲ್ಲಿ ಕೂತಿದ್ದವರು ಭಾವ.

ಅಕ್ಕನ ಬೆರಳಿಗೆ ಆ ವಿಭಾಗದಲ್ಲಿ ಹೆಸರಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ದಡ್ಡುಗಟ್ಟಿ, ನನ್ನ ಕೆನ್ನೆ ಹಿಂಡಿದರೆ ಉಪ್ಪುಕಾಗದ ಉಜ್ಜಿದಂತಾಗುತ್ತಿತ್ತು. ಅವಳು ಕೆಂಪು ದಾರ ಕಟ್ಟಿದಳೆಂದರೆ ದೋಷ ಇದ್ದೇ ಇರುತ್ತದೆ ಎಂಬ ನಂಬಿಕೆ. ಆದರೆ ಕೆಲವು ತಿಂಗಳು ಮಾತ್ರ ಅಕ್ಕ ತಾನೇ ತಟ್ಟೆ ಹೊತ್ತು ರಿಪೇರಿ ವಿಭಾಗಕ್ಕೆ ಹೋಗುತ್ತಿದ್ದಳು, "ಇದು ತುಂಬಲ್ಲ" ಎಂದು ಒಂದೊಂದಾಗಿ ಭಾವನ ಮುಂದೆ ಇಡುತ್ತಿದ್ದಳು. ಭಾವ ಬಿಚ್ಚಿ ನೋಡಿದರೆ ಒಳಗೆ ಎಲ್ಲವೂ ಚೊಕ್ಕವಾಗಿರುತ್ತಿತ್ತು. ಅವರು ಎಷ್ಟು ಸುತ್ತು ಕೊಟ್ಟು ನೋಡಿದಿರಿ ಎಂದಷ್ಟೇ ಕೇಳಿ ಮತ್ತೆ ಮುಚ್ಚಿ ಕೊಡುತ್ತಿದ್ದರು. ಆ ಸುಳ್ಳು ದಾರಗಳು ಇಡೀ ಕಾರ್ಖಾನೆಗೆ ಅರ್ಥವಾದ ಮೇಲೂ ಭಾವನಿಗೆ ಅರ್ಥವಾಗಲು ತಡವಾಯಿತು. ಅಕ್ಕನೇ ಬಾಯಿಬಿಟ್ಟು ಕೇಳಬೇಕಾಯಿತು. ಆಗಲೂ ಅವರು ಅಂದದ್ದು "ಒಂದ್ನಿಮಿಷ."

ಮದುವೆಯ ಹೊತ್ತಿಗೆ ಭಾವ ಅವಳಿಗೊಂದು ಗಡಿಯಾರ ಕೊಟ್ಟರು. ಉಗುರಿನಷ್ಟು ಮುಖ, ತೆಳು ಮುಳ್ಳು, ಕಪ್ಪು ಪಟ್ಟಿ. ದಿನಾ ಕೀಲಿ ಕೊಡಬೇಕಾದದ್ದು. "ಅಲ್ಲಿ ದಿನವಿಡೀ ಕೀಲಿ ಕೊಟ್ಟು ಬರ್ತೀಯ, ಮನೇಲೂ ನೀನೇ ಯಾಕೆ ಕೊಡ್ಬೇಕು?" ಎಂದು ಹೇಳಿ, ಬೆಳಿಗ್ಗೆ ಅವಳು ಏಳುವ ಮುಂಚೆ ತಾವೇ ಕೀಲಿ ತುಂಬಿಸಿ ದಿಂಬಿನ ಪಕ್ಕ ಇಡುತ್ತಿದ್ದರು. ಎಲ್ಲದಕ್ಕೂ ತಡ ಮಾಡುವ ಮನುಷ್ಯ ಇದೊಂದಕ್ಕೆ ತಡ ಮಾಡಿದ್ದನ್ನು ನಾನು ಕಂಡಿಲ್ಲ. ಕಾರ್ಖಾನೆ ಮುಚ್ಚಿತು, ಭಾವ ಅಂಗಡಿ ಹಾಕಿದರು, ಮಗಳು ಹುಟ್ಟಿ ಬೆಳೆದು ಬೇರೆ ಊರಿನಲ್ಲಿ ಸಂಸಾರ ಹೂಡಿದಳು. ಆ ಕೀಲಿ ಮಾತ್ರ ನಿಲ್ಲಲಿಲ್ಲ. ಅಕ್ಕ ಕಣ್ಣುಬಿಟ್ಟರೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿರಬೇಕು, ಅಷ್ಟೇ.

ಆಮೇಲೆ ಅಕ್ಕನಿಗೆ ಮರೆವು ಶುರುವಾಯಿತು. ಮೊದಮೊದಲು ನಾನು ಅದನ್ನೂ ತಮಾಷೆ ಮಾಡಿದೆ. ಎಲ್ಲರ ಮನೆಯಲ್ಲೂ ಕನ್ನಡಕ ಕಳೆಯುತ್ತದಲ್ಲ ಎಂದುಕೊಂಡೆ. ಒಂದು ದಿನ ಅವಳು ನನ್ನನ್ನು "ಮೇಲ್ಗಡೆ ಹೊಲಿಯೋರು" ಎಂದು ಕರೆದಳು. ಅವತ್ತಿನಿಂದ ತಮಾಷೆ ನಿಂತಿತು. ಮಗಳ ಹೆಸರು ಹೋಯಿತು, ಬೀದಿಯ ತಿರುವು ಹೋಯಿತು. ಭಾವನನ್ನು ಒಮ್ಮೆ ಗಂಡ ಎಂದೂ ಇನ್ನೊಮ್ಮೆ ಅಂಗಡಿಯವರು ಎಂದೂ ಮಾತಾಡಿಸತೊಡಗಿದಳು. ಡಾಕ್ಟರು ಒಳ್ಳೆಯ ಮನುಷ್ಯ, ಸಮಾಧಾನವಾಗಿ ಹೇಳಿದರು: "ಕೈಗೆ ಅಭ್ಯಾಸ ಇರೋ ಕೆಲಸಗಳನ್ನ ಅವರೇ ಮಾಡ್ಲಿ. ನೀವು ಮಾಡಿಕೊಡಬೇಡಿ."

ಭಾವ ಆ ಮಾತನ್ನು ಚಾಚೂತಪ್ಪದೆ ಪಾಲಿಸಿದರು. ಮಾರನೆಯ ದಿನದಿಂದ ಗಡಿಯಾರಕ್ಕೆ ಕೀಲಿ ಕೊಡದೆ ಹಾಗೇ ದಿಂಬಿನ ಪಕ್ಕ ಇಟ್ಟರು. ಅಕ್ಕ ಎದ್ದಳು, ಎತ್ತಿಕೊಂಡಳು, ಕಿವಿಗೆ ಹಿಡಿದಳು, ಗುಂಡಿ ತಿರುಗಿಸಿದಳು. ಬೆನ್ನು ನೆಟ್ಟಗಾಯಿತು. ತುಂಬಿದ ತಕ್ಷಣ ಬೆರಳು ನಿಂತಿತು, "ಪಾಸು" ಎಂದಳು. ನನಗೆ ಕಣ್ಣು ತುಂಬಿ ಬಂತು. ಹೆಸರು, ದಾರಿ, ಮುಖ ಎಲ್ಲ ಕೈಬಿಟ್ಟರೂ ನನ್ನ ಅಕ್ಕ ಪೂರ್ತಿಯಾಗಿ ಉಳಿದದ್ದು ಆ ಎರಡು ಬೆರಳಲ್ಲಿ. ಅದೊಂದು ಹೋದರೆ ಅವಳು ಹೋದಂತೆಯೇ ಎಂದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಕೊಟ್ಟದ್ದನ್ನು ಮರೆತು ಅವಳು ದಿನಕ್ಕೆ ಹತ್ತು ಸಲ ಕೀಲಿ ಕೊಡಲು ಹೋಗುತ್ತಿದ್ದಳು. ಅದರಿಂದ ತೊಂದರೆಯೇನೂ ಇರಲಿಲ್ಲ. ಗಟ್ಟಿಯಾಗಿದೆ ಎಂದು ಬೆರಳಿಗೆ ತಿಳಿದರೆ ಬಿಟ್ಟುಬಿಡುತ್ತಿದ್ದಳು. ಆದರೆ ಚಳಿಗಾಲದಲ್ಲಿ ಅವಳ ಬೆರಳ ಗಂಟುಗಳು ಊದಿ, ಚಿಕ್ಕ ಗುಂಡಿ ಹಿಡಿಯಲು ಕಷ್ಟವಾಯಿತು. ಭಾವ ಅದನ್ನು ತೆಗೆದು, ಗಂಡಸರ ಗಡಿಯಾರದ ದೊಡ್ಡ ಗುಂಡಿ ಹಾಕಿಕೊಟ್ಟರು. ಮುದ್ದು ಮುಖದ ಪಕ್ಕದಲ್ಲಿ ಆನೆಕಿವಿ. "ಇದೇನು ಭಾವ, ಗಡಿಯಾರಕ್ಕೆ ಹಿಡಿಕೆ ಹಾಕಿದೀರಿ?" ಎಂದೆ. ಅವರು ನಗಲಿಲ್ಲ.

ಒಂದು ಬೆಳಿಗ್ಗೆ ಅಕ್ಕನ ಕೈಯಲ್ಲೇ ಗಡಿಯಾರ ಟಪ್ ಎಂದಿತು. ಅಕ್ಕ ಕೂಗಿಕೊಂಡಳು. ಸ್ಪ್ರಿಂಗು ಮುರಿದಿತ್ತು. ಯಾರದೋ ಮನೆಯ ಗಾಜು ಒಡೆದ ಮಗುವಿನಂತೆ ಅವಳು ಮೂಲೆಯಲ್ಲಿ ಮುದುಡಿ ಕೂತಳು. "ನಾನು ಮುರಿದೆ. ಸೂಪರ್‌ವೈಸರ್‌ಗೆ ಹೇಳ್ಬೇಡಿ" ಎಂದು ನಮ್ಮಿಬ್ಬರಿಗೂ ಕೈ ಮುಗಿದಳು. ಭಾವ ಹೊಸ ಸ್ಪ್ರಿಂಗು ಹಾಕಿದರು. ಕೆಲವು ವಾರಗಳಲ್ಲಿ ಅದೂ ಮುರಿಯಿತು, ಮತ್ತೆ ಅದೇ ಅಳು, ಅದೇ ಕೈಮುಗಿಯುವುದು. ಭಾವ ಅವತ್ತು ಅಂಗಡಿ ತೆರೆಯಲಿಲ್ಲ.

"ಬೆರಳಿಗೂ ಮರೆವು ಬಂತು ಕಣಮ್ಮ," ಎಂದರು ನನ್ನ ಹತ್ತಿರ. "ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಗೊತ್ತಾಗ್ತಿಲ್ಲ ಅವಳಿಗೆ."

ಗಡಿಯಾರದ ವಿಷಯದಲ್ಲಿ ನಾನು ಮೂಗು ತೂರಿಸುವವಳಲ್ಲ. ಅವರು ಹೇಳಿದ್ದನ್ನು ನಂಬಿದೆ.

ಮುಂದಿನ ನಾಲ್ಕೈದು ದಿನ ಭಾವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೇಜು ಬಿಟ್ಟು ಏಳಲಿಲ್ಲ. ಮಾಡಿದ್ದೇನು ಎಂದು ನನಗೆ ಗಡಿಯಾರದೊಳಗೆ ಸ್ಪ್ರಿಂಗು ಸುತ್ತಿಕೊಂಡು ಕೂರುವ ಪುಟ್ಟ ಡಬ್ಬಿ, ಸವೆದದ್ದೊಂದು, ತೋರಿಸಿ ವಿವರಿಸಿದರು. ಕೈಯಿಂದ ಕೀಲಿ ಕೊಡುವ ಗಡಿಯಾರದಲ್ಲಿ ಸ್ಪ್ರಿಂಗಿನ ಹೊರತುದಿ ಡಬ್ಬಿಯ ಗೋಡೆಗೆ ಕೊಕ್ಕೆ ಹಾಕಿಕೊಂಡಿರುತ್ತದೆ. ಅದಕ್ಕೇ ತುಂಬಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಮೀರಿ ತಿರುಗಿಸಿದರೆ ಮುರಿಯುತ್ತದೆ. ಕೈಯ ಅಲುಗಾಟದಲ್ಲೇ ಕೀಲಿ ತುಂಬಿಕೊಳ್ಳುವ ಆಟೋಮ್ಯಾಟಿಕ್ ಗಡಿಯಾರಗಳಲ್ಲಿ ಆ ಕೊಕ್ಕೆ ಇಲ್ಲ. ತುದಿ ಗೋಡೆಗೆ ಒತ್ತಿಕೊಂಡಿರುತ್ತದೆ, ತುಂಬಿದ ಮೇಲೆ ಮೆಲ್ಲಗೆ ಜಾರುತ್ತದೆ. ಭಾವ ಅಂಥ ಜಾರುವ ಸ್ಪ್ರಿಂಗನ್ನು ಕತ್ತರಿಸಿ, ಅಳತೆಗೆ ತಂದು, ಅಕ್ಕನ ಉಗುರಿನಷ್ಟು ಗಡಿಯಾರದೊಳಗೆ ಕೂರಿಸಿದ್ದರು.

"ಇನ್ನು ಬೆಳಿಗ್ಗೆಯಿಂದ ಸಂಜೆವರೆಗೆ ತಿರುಗಿಸಿದ್ರೂ ಮುರಿಯಲ್ಲ," ಎಂದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಕಂಡೆ. ನಾನೂ ಮನಸಾರೆ ಹೊಗಳಿದೆ. ಹೊಗಳಿದ್ದು ಅಪರೂಪವಾದ್ದರಿಂದ ಅವರು ಎರಡು ಸಲ ಹೇಳಿಸಿಕೊಂಡರು.

ಅಕ್ಕ ಗಡಿಯಾರ ಎತ್ತಿಕೊಂಡು ತಿರುಗಿಸತೊಡಗಿದಳು. ತಿರುಗಿಸಿದಳು, ತಿರುಗಿಸಿದಳು, ಕಿವಿಗೆ ಹಿಡಿದಳು, ಮತ್ತೆ ತಿರುಗಿಸಿದಳು. ಚಹಾ ಆರಿ ತಣ್ಣಗಾಯಿತು. ಊಟದ ನಡುವೆ ತುತ್ತು ಬಿಟ್ಟು ತಿರುಗಿಸಿದಳು. ಗಡಿಯಾರ ಚೆನ್ನಾಗಿಯೇ ನಡೆಯುತ್ತಿತ್ತು, ಕೆಟ್ಟದ್ದು ಅಕ್ಕನ ನೆಮ್ಮದಿ. "ತುಂಬ್ತಾ ಇಲ್ಲ," ಎನ್ನುತ್ತಿದ್ದಳು. ಸ್ನಾನದ ಮನೆಯಲ್ಲೂ ಅದೇ ಮಾತು. ಆ ವಾರ ಮುಗಿಯುವ ಹೊತ್ತಿಗೆ ಹೆಬ್ಬೆರಳ ತುದಿ ಕೆಂಪಾಗಿ ಸಿಪ್ಪೆ ಎದ್ದಿತ್ತು. ನಾನು ಬ್ಯಾಂಡೇಜು ಸುತ್ತಿದರೆ ಬಿಚ್ಚಿ ಬಿಸಾಡುತ್ತಿದ್ದಳು, ಬಟ್ಟೆ ಸುತ್ತಿದ ಬೆರಳಿಗೆ ಗುಂಡಿ ಗೊತ್ತಾಗುವುದಿಲ್ಲವಲ್ಲ.

"ನಡೀತಾ ಇದೆ ನೋಡು, ಮುಳ್ಳು ನೋಡು," ಎಂದು ಭಾವ ಗೋಗರೆದರು.

"ನಡೆಯೋದು ಬೇರೆ, ತುಂಬೋದು ಬೇರೆ," ಎಂದಳು ಅಕ್ಕ, ಕಾರ್ಖಾನೆಯ ಗತ್ತಿನಲ್ಲಿ.

ಭಾವ ಗಡಿಯಾರವನ್ನು ಡ್ರಾಯರಿನಲ್ಲಿ ಬಚ್ಚಿಟ್ಟು ನೋಡಿದರು. ಅದು ಇನ್ನೂ ಕೆಟ್ಟದಾಯಿತು. ಅವತ್ತು ಮಧ್ಯಾಹ್ನ ನಾನು ಕೆಳಗಿಳಿದು ಬಂದಾಗ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ತನ್ನ ಸ್ವೆಟರಿನ ಗುಂಡಿಯನ್ನು ತಿರುಗಿಸುತ್ತಿದ್ದಳು. ದಾರ ಹುರಿಗಟ್ಟಿ ಗುಂಡಿ ಕಿತ್ತು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿವಿಗೆ ಹಿಡಿದಳು. ನಾನು ದಡದಡನೆ ಅಂಗಡಿಗೆ ಹೋಗಿ, ಸ್ಟೂಲಿನ ಮೇಲೆ ಗಿರಾಕಿ ಕೂತಿದ್ದಾರೆ ಎಂಬುದನ್ನೂ ನೋಡದೆ ಭಾವನ ಮೇಲೆ ಹರಿಹಾಯ್ದೆ.

"ಊರಿನ ಗಡಿಯಾರ ಎಲ್ಲ ರಿಪೇರಿ ಮಾಡ್ತೀರಿ, ಅವಳದೊಂದು ಕೊಟ್ಬಿಡಿ! ಮುರಿದ್ರೆ ಮುರೀಲಿ!"

"ಮುರಿದ್ರೆ ಅಳ್ತಾಳಲ್ಲ," ಎಂದರು ಭಾವ. ಅಷ್ಟೇ. ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ನನ್ನ ಕೋಪಕ್ಕೆ ಮುಂದೆ ದಾರಿಯೇ ಉಳಿಯಲಿಲ್ಲ. ಗಿರಾಕಿ ಮೆಲ್ಲಗೆ ಎದ್ದು ಹೋದರು. ಭಾವ ಡ್ರಾಯರು ತೆಗೆದು ಗಡಿಯಾರವನ್ನು ನನ್ನ ಕೈಗೆ ಕೊಟ್ಟರು, ನಾನು ಒಯ್ದು ಅಕ್ಕನಿಗೆ ಕೊಟ್ಟೆ.

ಅಕ್ಕ ಅದನ್ನು ತಿರುಗಿಸುತ್ತಲೇ ನನ್ನ ಹಿಂದೆ ಮಹಡಿ ಹತ್ತಿ ಬಂದಳು. ನಾನು ಮೆಷಿನ್ನಿನ ಮುಂದೆ ಕೂತು ಒಂದು ಲಂಗದ ಅಂಚು ಬಿಚ್ಚುತ್ತಿದ್ದೆ. ಅವಳು ನನ್ನ ದಾರದ ಡಬ್ಬಿಗೆ ಕೈಹಾಕಿ ರೀಲುಗಳನ್ನು ಒಂದೊಂದಾಗಿ ನೆಲಕ್ಕಿಡುತ್ತಾ ಬಂದಳು. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಕೆಂಪು ರೀಲು ಸಿಕ್ಕಿದಾಗ ಒಂದು ಗೇಣು ದಾರ ಎಳೆದು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಗಡಿಯಾರದ ಪಟ್ಟಿಯ ಸಂದಿಯಲ್ಲಿ ತೂರಿಸಿ, ನೋಡದೆಯೇ, ಬೆರಳಲ್ಲೇ ಗಂಟು ಹಾಕಿದಳು. ಎದ್ದು ಮೆಟ್ಟಿಲಿಳಿಯತೊಡಗಿದಳು. ಎಲ್ಲಿ ಬೀಳುತ್ತಾಳೋ ಎಂದು ನಾನೂ ಹಿಂದೆಯೇ ಓಡಿದೆ.

ಅವಳು ನೇರ ಅಂಗಡಿಗೆ ಹೋಗಿ, ಮೇಜಿನ ಮುಂದೆ ನಿಂತು, ಗಡಿಯಾರವನ್ನು ಭಾವನ ಕೈಯ ಪಕ್ಕ ಇಟ್ಟಳು.

"ಇದು ತುಂಬಲ್ಲ," ಎಂದಳು.

ಭಾವ ಯಾರದೋ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ತಲೆ ಎತ್ತದೆ "ಒಂದ್ನಿ..." ಎಂದವರು ಅಲ್ಲಿಗೇ ನಿಂತರು. ಕೆಂಪು ದಾರ ಕಣ್ಣಿಗೆ ಬಿದ್ದಿತ್ತು. ಅವರು ಒಮ್ಮೆಲೇ ಎದ್ದ ರಭಸಕ್ಕೆ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ಕಳಚಿ, ಅದರಲ್ಲಿದ್ದ ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿಯಾದವು. ಯಾರೂ ಅಲ್ಲಾಡಬೇಡಿ ಎಂದು ಅವರು ಕೂಗಲಿಲ್ಲ. ನೆಲದ ಕಡೆ ನೋಡಲೂ ಇಲ್ಲ.

"ಎಷ್ಟು ಸುತ್ತು ಕೊಟ್ಟು ನೋಡಿದಿರಿ?" ಎಂದು ಕೇಳಿದರು, ಕಾರ್ಖಾನೆಯಲ್ಲಿ ಕೇಳುತ್ತಿದ್ದ ಹಾಗೆ, ಬಹುವಚನದಲ್ಲಿ.

"ಎಣಿಸೋ ಕೆಲಸ ನಮ್ಮದಲ್ಲ. ಒಳ್ಳೆ ಗಡಿಯಾರ ಆದ್ರೆ ಅದೇ ಹೇಳುತ್ತೆ, ಸಾಕು ಅಂತ. ಆಗ ಬಿಟ್ಬಿಡ್ಬೇಕು." ಅಕ್ಕ ಗಡಿಯಾರದ ಕಡೆ ಬೆರಳು ತೋರಿಸಿದಳು. "ಇದು ಹೇಳಲ್ಲ."

ಭಾವ ಅವಳ ಆ ಸಿಪ್ಪೆ ಎದ್ದ ಬೆರಳನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. "ಸರಿ. ನಮ್ಮ ತಪ್ಪು. ಸರಿಮಾಡಿ ಕೊಡ್ತೀನಿ," ಎಂದರು. ಅಕ್ಕ ಗಿರಾಕಿಯ ಸ್ಟೂಲಿನ ಮೇಲೆ ಕೂತಳು. ಕೂತಲ್ಲೇ ಗೋಡೆಗೆ ಒರಗಿ ನಿದ್ದೆ ಹೋದಳು, ಎಷ್ಟು ದಿನದ ಆಯಾಸವೋ.

ಭಾವ ಗಡಿಯಾರ ಬಿಚ್ಚಿದರು. ನಾನು ಪಕ್ಕದಲ್ಲಿ ಮಂಡಿಯೂರಿ ಚೆಲ್ಲಿದ್ದ ಸ್ಕ್ರೂಗಳನ್ನು ಹೆಕ್ಕುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಮಾತಾಡಿದರು. ಕೆಲಸದ ನಡುವೆ ಅವರು ಅಷ್ಟು ಮಾತಾಡಿದ್ದು ಅದೊಂದೇ ಸಲ.

"ಬೆರಳಿಗೆ ಮರೆವು ಬಂದಿಲ್ಲ ಕಣಮ್ಮ. ಬಂದಿದ್ರೆ ಇದರ ದೋಷ ಹಿಡೀತಿದ್ಲಾ? ನಾನೇ ದೊಡ್ಡ ಗುಂಡಿ ಹಾಕ್ದೆ. ದೊಡ್ಡ ಗುಂಡಿಗೆ ಬಲ ಜಾಸ್ತಿ. ಅವಳು ಯಾವಾಗಿನಷ್ಟೇ ಒತ್ತಿದಾಳೆ, ಗುಂಡಿ ಎರಡರಷ್ಟು ಬಲದಲ್ಲಿ ತಿರುಗಿಸಿದೆ. ಸ್ಪ್ರಿಂಗ್ ಮುರಿದಿದ್ದು ಅದಕ್ಕೆ. ಹೊಸದಾಗಿ ಕೆಲಸಕ್ಕೆ ಸೇರಿದೋರಿಗೂ ಗೊತ್ತಿರೋ ವಿಷಯ. ನಾನು ಗುಂಡಿ ಬಿಟ್ಟು ಹೆಂಡತಿ ಕೆಟ್ಟಿದಾಳೆ ಅಂದ್ಕೊಂಡೆ."

ಅವರು ಭೂತಗನ್ನಡಿ ತೆಗೆದು ಒರೆಸಿಕೊಂಡರು, ಆಮೇಲೆ ಕಣ್ಣೊರೆಸಿಕೊಂಡರು. ರೇಗಿಸುವುದಕ್ಕೆ ನನಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ನಾನು ಹೆಕ್ಕಿದ ಸ್ಕ್ರೂಗಳನ್ನು ಅವರ ಕೈಯ ಪಕ್ಕ ಇಟ್ಟೆ.

ಜಾರುವ ಸ್ಪ್ರಿಂಗು ಹೊರಗೆ ಬಂತು, ಕೊಕ್ಕೆಯ ಸ್ಪ್ರಿಂಗು ಒಳಗೆ ಹೋಯಿತು. ತಗಡಿನ ಡಬ್ಬಿಯೊಂದರ ತಳದಿಂದ ಹಳೆಯ ಚಿಕ್ಕ ಗುಂಡಿಯನ್ನು ಹುಡುಕಿ ತೆಗೆದು ಅದನ್ನೇ ಹಾಕಿದರು. "ಕೈ ನೋವಿದ್ರೆ?" ಎಂದೆ. "ಕೈ ನೋಯೋವಷ್ಟು ತಿರುಗಿಸೋ ಹಾಗೇ ಇರಬಾರ್ದು," ಎಂದರು. ನನಗೆ ಅರ್ಥವಾಗಲಿಲ್ಲ. ಕೊನೆಗೆ ಕೆಂಪು ದಾರ ಬಿಚ್ಚಿದರು. ಬಿಸಾಡಲಿಲ್ಲ. ಕಾರ್ಖಾನೆಯ ಕಾಲದ ಸುಳ್ಳು ದಾರಗಳನ್ನೂ ಎಲ್ಲೋ ಇಟ್ಟುಕೊಂಡಿದ್ದಾರೆಂದು ನನಗೆ ಯಾವತ್ತಿನಿಂದಲೋ ಅನುಮಾನವಿದೆ. ಅವುಗಳ ಜೊತೆ ಇದೊಂದು ನಿಜದ ದಾರ ಸೇರಿರಬೇಕು.

ಮಾರನೆಯ ಬೆಳಿಗ್ಗೆ ಹಾಲು ಕೊಡಲು ನಾನು ಕೆಳಗಿಳಿದಾಗ ಭಾವ ಆಗಲೇ ಎದ್ದಿದ್ದರು. ಅಕ್ಕ ಇನ್ನೂ ಮಲಗಿದ್ದಳು. ಅವರು ಕಿಟಕಿಯ ಬೆಳಕಿನಲ್ಲಿ ನಿಂತು ಅವಳ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಗಟ್ಟಿಯಾಗಿ ನಿಲ್ಲುವವರೆಗೆ ಕೊಟ್ಟು, ದಿಂಬಿನ ಪಕ್ಕ ಇಟ್ಟರು. ಡಾಕ್ಟರು ಬೇಡ ಎಂದಿದ್ದಾರಲ್ಲ ಎಂದು ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಅಕ್ಕ ಕಣ್ಣುಬಿಟ್ಟಳು.

ಅಭ್ಯಾಸದಂತೆ ಗಡಿಯಾರ ಎತ್ತಿಕೊಂಡಳು. ಕಿವಿಗೆ ಹಿಡಿದಳು. ಗುಂಡಿಗೆ ಬೆರಳು ಹಚ್ಚಿ ತಿರುಗಿಸಿದಳು. ಅರ್ಧ ಸುತ್ತೂ ಆಗಿರಲಿಲ್ಲ, ಬೆರಳು ನಿಂತಿತು. ಅವಳ ಹುಬ್ಬಿನ ನಡುವೆ ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಗಂಟು ಸಡಿಲವಾಯಿತು.

"ಕೀಲಿ ತುಂಬಿದೆ," ಎಂದಳು.

ಹಾಸಿಗೆಯ ಪಕ್ಕ ನಿಂತಿದ್ದ ಭಾವನ ಮುಖವನ್ನು ನೋಡಿದಳು. ಗುರುತು ಸಿಗಲಿಲ್ಲ. ಪರವೂರಿನಿಂದ ಬಂದವರೊಡನೆ ಮಾತಾಡುವ ಮರ್ಯಾದೆಯಲ್ಲಿ ವಿವರಿಸಿದಳು: "ನಮ್ಮನೆಯವರು ಕೊಟ್ಟಿರ್ತಾರೆ. ನಾನು ಏಳೋಕೆ ಮುಂಚೆ ಅವರೇ ಕೊಟ್ಟಿಡೋದು, ದಿನಾ. ಬೇರೆ ಎಲ್ಲಾದಕ್ಕೂ ತಡ ಮಾಡ್ತಾರೆ, ಇದಕ್ಕೆ ಮಾಡಲ್ಲ."

"ಹೌದಾ," ಎಂದರು ಭಾವ.

"ಅಂಗಡೀಲಿರ್ಬೇಕು ಈಗ. ಕರೆದ್ರೆ ಒಂದ್ನಿಮಿಷ ಅಂತಾರೆ." ಅಕ್ಕ ನಕ್ಕಳು. ಗಡಿಯಾರ ಕಟ್ಟಿಕೊಳ್ಳಲು ಎಡಗೈ ಚಾಚಿದಳು, ಬೆರಳು ನೋಯುತ್ತಿದ್ದುದರಿಂದ ಪಟ್ಟಿ ಹಿಡಿಯಲಾಗಲಿಲ್ಲ. ಆ ಕೈಯನ್ನು ಹಾಗೇ ಭಾವನ ಕಡೆ ನೀಡಿದಳು. "ನೀವು ಸ್ವಲ್ಪ ಕಟ್ತೀರಾ? ಅವರು ಬರೋದು ತಡ ಆಗುತ್ತೆ."

ಭಾವ ಹಾಸಿಗೆಯ ಅಂಚಿನಲ್ಲಿ ಕೂತು, ಅವಳ ಮಣಿಕಟ್ಟಿಗೆ ಗಡಿಯಾರ ಕಟ್ಟತೊಡಗಿದರು. ನಾನು ಹಾಲಿನ ಪಾತ್ರೆ ಅಲ್ಲೇ ಇಟ್ಟು, ಬಾಗಿಲು ಮುಂದಕ್ಕೆಳೆದುಕೊಂಡು ಹೊರಗೆ ಬಂದೆ.